ಇಬ್ಬರು ತಾಯಂದಿರು, ಒಂದು ಚುಕ್ಕೆ

ಚಿತ್ರ ಹಾಳಾಗಿತ್ತು. ವನಿತಾ ನಕಲು ಮಾಡಿದ್ದ ಬೆಲ್ಲಿನಿಯ ಚಿತ್ರದಲ್ಲಿ, ಮಗುವಿನ ಎಡಗೆನ್ನೆಯ ಮೇಲೆ ಕಡಲೆಕಾಳಿನಷ್ಟು ದಪ್ಪ ಕಪ್ಪು ಚುಕ್ಕೆ. ಬಟ್ಟೆಯ ತುದಿಯಿಂದ ಒರೆಸಿದಳು. ಎಣ್ಣೆ ಬೆರೆತ ಕಾಡಿಗೆ, ಇನ್ನಷ್ಟು ಹರಡಿತು.

ಮಧ್ಯಾಹ್ನ ಸೇಲಂನ ಕಾಲೇಜಿನಲ್ಲಿ ಪರೀಕ್ಷೆ. ಇಟಲಿಯ ಹಳೆಯ ಚಿತ್ರಕಾರರಾದ ರಫೇಲ್, ಬೆಲ್ಲಿನಿ ಬರೆದ ಮೇರಿಮಾತೆ ಮತ್ತು ಬಾಲಯೇಸುವಿನ ಚಿತ್ರಗಳನ್ನು ಕೈಯಾರೆ ನಕಲು ಮಾಡಿ, ಎರಡನ್ನೂ ಹೋಲಿಸಿ ಮಾತನಾಡಬೇಕು. ಹೋದ ವರ್ಷದ ಪರೀಕ್ಷೆ ಬಸಿರಿನಲ್ಲಿ ತಪ್ಪಿತು. ಇದೂ ತಪ್ಪಿದರೆ ಡಿಗ್ರಿಗೆ ಎಳ್ಳುನೀರು.

ರಂಗನಾಯಕಿ ಮೇಡಂ ಮೊದಲೇ ಕೊಟ್ಟಿದ್ದ ಪ್ರಶ್ನೆ ಒಂದೇ: ಎರಡರಲ್ಲಿ ಯಾವ ಮಗುವಿಗೆ ಜೀವವಿದೆ? ಪುಸ್ತಕದ ಮಾತು ಬೇಡ, ನಿನಗೆ ಕಂಡದ್ದು ಹೇಳು ಎಂದಿದ್ದರು. ಮಗು ಹುಟ್ಟಿದಾಗಿನಿಂದ ವನಿತಾಳ ಕಣ್ಣು ಬೇಡುತ್ತಿದ್ದದ್ದು ನಿದ್ದೆಯೊಂದನ್ನೇ. ಕೊನೆಗೆ ರಫೇಲ್ ಎಂದು ಬರೆದಿಟ್ಟಳು. ಅವನ ಮಗು ಗುಂಡುಗುಂಡಗೆ ತಾಯಿಯ ಎದೆಗೆ ಅಂಟಿಕೊಂಡು ಕಣ್ಣರಳಿಸಿ ನೋಡುತ್ತದೆ. ಬೆಲ್ಲಿನಿಯದು ಮಡಿಲಲ್ಲಿ ಮಲಗಿದೆ. ತಾಯಿ ಕೈ ಜೋಡಿಸಿ ರೆಪ್ಪೆ ಇಳಿಸಿದ್ದಾಳೆ, ಬರೀ ಭಕ್ತಿ.

ಅನುಮಾನಕ್ಕೆ ಊರೆಲ್ಲ ಅಲೆಯಬೇಕಿರಲಿಲ್ಲ. ಗಂಡ ಪ್ರಭು ನಸುಕಿನಲ್ಲೇ ಓಮಲೂರಿಗೆ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿ ಉಳಿದವಳು ಅತ್ತೆ ಸಣ್ಣಕ್ಕ. ಮಲಗಿದ ಕೂಸನ್ನು ದಿಟ್ಟಿಸಬಾರದು, ಅದರ ಚಿತ್ರವನ್ನಂತೂ ಬರೆಯಲೇಬಾರದು ಎಂದು ಗೊಣಗುತ್ತಿದ್ದವಳೂ ಅವಳೇ. ಕಾಡಿಗೆ ಡಬ್ಬಿ ಚಿತ್ರದ ಪಕ್ಕದಲ್ಲೇ ಬಾಯಿ ತೆರೆದು ಬಿದ್ದಿತ್ತು.

ವನಿತಾ ಬೆಳಗಿನದನ್ನು ನೆನೆಸಿಕೊಂಡಳು. ಎಂದಿನಂತೆ ಅತ್ತೆ ಮಗುವಿಗೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು, ಇವಳ ಮಡಿಲಿಗೆ ಕೊಟ್ಟು ಕುರಿಗಳಿಗೆ ಸೊಪ್ಪು ಹಾಕಲು ಹೋದಳು. ಚಾಪೆಯ ಮೇಲೆ ಚಿತ್ರಗಳೆರಡೂ ಹರಡಿದ್ದವು. ಪೌಡರು, ಬೊಟ್ಟು, ಹಾಲು, ತೊಟ್ಟಿಲು ಎಲ್ಲ ಇವಳ ಪಾಲಿನ ಕೆಲಸ, ಕೈ ತಾನಾಗಿ ಮಾಡಿ ಮುಗಿಸುವಂಥದ್ದು. ಆಮೇಲೆ ಗೋಡೆಗೊರಗಿ ಕಣ್ಣು ಮುಚ್ಚಿದ್ದಷ್ಟೇ. ಎಚ್ಚರವಾದಾಗ ಚುಕ್ಕೆ.

ಕೊಟ್ಟಿಗೆಯಿಂದ ಬಂದ ಸಣ್ಣಕ್ಕನ ಮುಂದೆ ಚಿತ್ರ ಹಿಡಿದಳು.

"ನಾನ್ ಬರ್ದಿದ್ದು ಇಷ್ಟ ಇಲ್ದಿದ್ರೆ ಬಾಯ್ಬಿಟ್ಟು ಏಳ್ಬೌದಿತ್ತು ಅತ್ತೆ. ಯಾಕೆ ಕೆಡಿಸ್ದ್ರಿ?"

ಸಣ್ಣಕ್ಕ ಚಿತ್ರವನ್ನು ಬಾಗಿಲ ಬೆಳಕಿಗೆ ತಿರುಗಿಸಿದಳು. ಚುಕ್ಕೆಯನ್ನು ನೋಡಿದಳು. ಅದಕ್ಕಿಂತ ಹೆಚ್ಚು ಹೊತ್ತು ತಾಯಿಯ ಮುಖ ನೋಡಿದಳು.

"ಇವ್ಳು ಕೈ ಮುಗ್ದು ಸಾಮಿ ಕುಂಬುಡ್ತಾ ಇಲ್ಲ ಕಣಮ್ಮ. ಕುಂತಂಗೇ ತೂಕಡಿಸ್ತಾವ್ಳೆ, ಪಾಪ. ಬೊಟ್ಟಿಟ್ಟೋರು ಸರಿಯಾಗೇ ಇಟ್ಟವ್ರೆ."

ಮಾಡಿದ್ದೂ ಅಲ್ಲದೆ ಮೇಲೊಂದು ಉಪದೇಶ. ವನಿತಾಳಿಗೆ ಸಿಟ್ಟು ನೆತ್ತಿಗೇರಿತು, ಆದರೆ ಜಗಳವಾಡಲು ಮೈಯಲ್ಲಿ ಶಕ್ತಿಯಿರಲಿಲ್ಲ. ಚಿತ್ರಗಳನ್ನು ಸುತ್ತಿ ಚೀಲಕ್ಕೆ ತುರುಕಿದಳು. ನಂಗವಳ್ಳಿಯಿಂದ ಸೇಲಂಗೆ ಹೋಗುವ ಬಸ್ಸಿಗೆ ಹೊತ್ತಾಗಿತ್ತು. ಪರೀಕ್ಷಕರು ಚುಕ್ಕೆಯ ಬಗ್ಗೆ ಕೇಳಿದರೆ ಮನೆಯವರ ಕೈವಾಡ ಎಂದು ಹೇಳಿಬಿಡುವುದೆಂದು ತೀರ್ಮಾನಿಸಿದಳು.

ಅಷ್ಟರಲ್ಲಿ ಮಗು ಎದ್ದಿತು. ಸಣ್ಣಕ್ಕ ಅದನ್ನು ತೊಟ್ಟಿಲಿಂದ ಎತ್ತಿ ತಂದು ಮುಂದೆ ಹಿಡಿದಳು. ಇನ್ನೊಂದು ಕೈಯಲ್ಲಿ ಕಾಡಿಗೆ ಡಬ್ಬಿ ಇತ್ತು.

"ಓಗೋ ಮುಂಚೆ ನಿನ್ನ ಕೂಸಿಗೂ ಒಂದು ಇಟ್ಟು ಓಗು, ತಾಯಿ."

ದಿನಾ ಅವಳೇ ದೃಷ್ಟಿಬೊಟ್ಟು ಇಡುತ್ತಿದ್ದ ಮಗುವಿನ ಎಡಗೆನ್ನೆ ಬರಿದಾಗಿತ್ತು. ಯಾವ ಮಗುವಿಗೆ ಜೀವವಿದೆ ಎಂಬ ಪ್ರಶ್ನೆಗೆ ವನಿತಾ ಬೆಳಿಗ್ಗೆಯೇ, ನಿದ್ದೆಗಣ್ಣಿನಲ್ಲಿ, ತನ್ನ ಬೆರಳಿನಿಂದಲೇ ಉತ್ತರ ಬರೆದಾಗಿತ್ತು.