ಹೆಣವಿಲ್ಲದ ಹಾಡು

ಸಾವಿನ ಮನೆಯ ಅಳುಹಾಡು ಬಲ್ಲವರಲ್ಲಿ ಆ ಊರಿನಲ್ಲಿ ಉಳಿದಿದ್ದವಳು ಅಜ್ಜಿಯೊಬ್ಬಳೇ. ವಿಶ್ವವಿದ್ಯಾಲಯದಲ್ಲಿ ಜಾನಪದ ಓದುತ್ತಿದ್ದ ಹುಡುಗಿ ಮತ್ತೆ ಅವಳ ಬಾಗಿಲಿಗೆ ಬಂದಿದ್ದಳು. ಆ ಹಾಡು ಸಿಗದಿದ್ದರೆ ಅವಳ ಪ್ರಬಂಧ ಮುಗಿಯುತ್ತಿರಲಿಲ್ಲ.

"ಹೆಣ ಇಲ್ಲದ ಹಾಡಬಾರದವ್ವಾ," ಎಂದಳು ಅಜ್ಜಿ. "ಹಾಡಿದರ ಆ ಹಾಡು ತಾನ ಹೆಣ ಹುಡುಕ್ಕೊಂಡು ಹೊಂಟಬಿಡತೈತಿ."

ಹುಡುಗಿಯ ಕಣ್ಣು ತುಂಬಿ ಬಂತು. ಕಟ್ಟೆಯ ಮೇಲಿದ್ದ ಅಜ್ಜಿಯ ತಮ್ಮ ಅದನ್ನು ನೋಡಿದ. ಅಕ್ಕ ಒಂದು ಮಾತಾಡಿದರೆ ಎರಡು ಆಡುವ ಮುದುಕ.

"ಅಳಬ್ಯಾಡ ಕೂಸ. ಹೆಣ ನಾ ಆಗತೀನಿ," ಎಂದವನೇ ಪಡಸಾಲೆಯಲ್ಲಿ ಕಾಲು ಚಾಚಿ ಮಲಗಿ ಕಣ್ಣು ಮುಚ್ಚಿದ.

"ಈಗರ ಎರಡ ರೊಟ್ಟಿ ತಿಂದಾನ, ಹೆಣ ಅಂತ ಹೆಣ!" ಎಂದು ಅಜ್ಜಿ ಗೊಣಗಿದಳು. ಆದರೂ ನೆಲ ತಣ್ಣಗಿದೆಯೆಂದು ತನ್ನ ಹಳೆಯ ಸೀರೆಯನ್ನು ಮಡಿಸಿ ಅವನ ತಲೆಯ ಕೆಳಗಿಟ್ಟಳು. ಹುಡುಗಿ ಮೊಬೈಲಿನಲ್ಲಿ ರೆಕಾರ್ಡಿಂಗ್ ಚಾಲು ಮಾಡಿದಳು. ಅಜ್ಜಿ ಹಾಡತೊಡಗಿದಳು.

ಹಾಡಿನ ತುಂಬ ತಮ್ಮನೇ. ಅಕ್ಕನಿಗೆ ಜ್ವರ ಬಂದಾಗ ತುಂಬಿದ ಹೊಳೆ ದಾಟಿ ಔಷಧ ತಂದವನು, ಬರಗಾಲದಲ್ಲಿ ತನ್ನ ಪಾಲಿನ ರೊಟ್ಟಿಯನ್ನು ಅಕ್ಕನ ತಾಟಿಗೆ ಸರಿಸಿದವನು. ಹೆಣದ ಕಣ್ಣೀರು ಕೆನ್ನೆಯಿಂದ ಕಿವಿಗೆ ಇಳಿಯಿತು. ಆದರೆ ಹೆಣ ಅಲುಗಾಡಲಿಲ್ಲ.

ಹಾಡು ಮುಗಿದ ಮೇಲೆ ಮುದುಕ ಎದ್ದು ಕುಳಿತ.

"ಅಕ್ಕಾ, ಇದನ್ನೆಲ್ಲಾ ನಾ ಬದುಕಿದ್ದಾಗ ಒಮ್ಮೆಯರ ಹೇಳಬಾರದಿತ್ತೇನ?"

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ನೀ ಬದುಕಿದ್ದಾಗ ಒಂದ ದಿನಾನರ ಹಿಂಗ ಬಾಯಿ ಮುಚ್ಚಿಕೊಂಡು ಕೇಳಿದ್ಯೇನೋ?"