ತೊಗರಿ ಕಡ್ಡಿಯ ಗುರುತು

ಪೆಟ್ರೋಲ್ ವಾಸನೆ ಬಂದರೆ ಇಂದಿಗೂ ನನ್ನ ಕೈ ತೊಗರಿ ಕಡ್ಡಿ ಹುಡುಕುತ್ತದೆ.

ಮಾವನ ಕಾರಿನಲ್ಲಿ ಪೆಟ್ರೋಲ್ ಎಷ್ಟಿದೆಯೆಂದು ತೋರಿಸುವ ಮುಳ್ಳು ಕೆಟ್ಟಿತ್ತು. ಟ್ಯಾಂಕಿಗಿಳಿಸಿದ ಕಡ್ಡಿ ಚಾಕುವಿನಿಂದ ಕೊರೆದ ಗುರುತಿನವರೆಗೆ ಒದ್ದೆಯಾದರೆ ದೇವದುರ್ಗದಿಂದ ರಾಯಚೂರು ಮುಟ್ಟುತ್ತಿದ್ದೆವು. ಆ ಮಧ್ಯಾಹ್ನ ತಂಗಿಗೆ ಉಸಿರು ಕಟ್ಟತೊಡಗಿದಾಗ ಕಡ್ಡಿ ಇಳಿಸಿದವಳು ನಾನೇ. "ಗುರ್ತಿನ ತನಕ ಅದ ಮಾವಾ!" ಎಂದು ಕೂಗಿದೆ. ರಾಯಚೂರಿನ ಆಸ್ಪತ್ರೆಗೆ ಹೊರಟೆವು.

ಮಸರಕಲ್ ದಾಟಿದ ಮೇಲೆ ಕಾರು ಕೆಮ್ಮಿ ನಿಂತಿತು. ಮಾವ ಮತ್ತೆ ಕಡ್ಡಿ ಇಳಿಸಿದ. ತುದಿಯೂ ಒದ್ದೆಯಾಗಲಿಲ್ಲ.

"ಗುರ್ತಿನ ತನಕ ಇತ್ತಲ್ಲೋ!" ಅಂದಳು ಅವ್ವ.

"ಜೋರು ಓಡ್ಲಿ ಅಂತ ಹೋದ ವಾರ ಇಂಜಿನ್ನಿಗೆ ಬ್ಯಾರೆ ಕ್ಯಾಮ್‌ಶಾಫ್ಟ್ ಹಾಕ್ಸೀನಿ ಅಕ್ಕಾ. ಇಷ್ಟು ಪೆಟ್ರೋಲ್ ಕುಡೀತದಂತ ಗೊತ್ತಿದ್ದಿಲ್ಲ. ಗುರ್ತು ಹಳೇದು..."

ಬಿಸಿಲಲ್ಲಿ ಒಂದು ಗಾಡಿಯೂ ಬರಲಿಲ್ಲ. ಅವ್ವ ತಂಗಿಯ ಮೂಗಿನ ಕೆಳಗೆ ಬೆರಳು ಹಿಡಿದು ಕೂತಳು. ನಾನು ಆ ಕಡ್ಡಿಯನ್ನು ಟ್ಯಾಂಕಿಗೆ ಇಳಿಸುತ್ತಲೇ ಇದ್ದೆ, ಅವ್ವ ಬೆರಳು ತೆಗೆದು "ಇನ್ನ ಸಾಕು ಬಿಡು" ಅನ್ನುವವರೆಗೂ.