ಗೆಳೆಯನ ಮಂಡಿ

"ಬೆಂಗಳೂರನ್ನ ಬಸ್ಸಲ್ಲಿ ಕೂತು ನೋಡಬಾರ್ದು ಕಣೋ, ಓಡಿ ನೋಡಬೇಕು. ನಾಳೆ ಐದಕ್ಕೆ ರೆಡಿಯಾಗಿರು!" ಎಂದು, ನೆಂಟನಾಗಿ ಬಂದಿಳಿದ ತಿಪ್ಪೇಸ್ವಾಮಿಗೆ ಗೆಳೆಯ ತೊಡೆ ತಟ್ಟಿ ಹೇಳಿದ್ದ.

ಐದಕ್ಕೆ ಬಾಗಿಲು ಬಡಿದರೆ ಕಂಬಳಿಯೊಳಗಿಂದ ದನಿ ಬಂತು: "ಮಂಡಿ ಹಿಡ್ಕೊಂಡಿದೆ, ನೀನೇ ಹೋಗ್ಬಾ."

ತಿಪ್ಪೇಸ್ವಾಮಿ ಒಬ್ಬನೇ ಓಡಿದ. ಕೋಟೆ, ಕೆರೆ, ಹೂವಿನ ಮಾರುಕಟ್ಟೆ ನೋಡಿ, ಫೋಟೋ ತೆಗೆದು, ಹತ್ತು ಕಿಲೋಮೀಟರ್ ಮುಗಿಸಿ ಬಂದಾಗ ಗೆಳೆಯ ಹಾಸಿಗೆಯಲ್ಲೇ ಕಾಫಿ ಹೀರುತ್ತಿದ್ದ.

"ಫೋಟೋ ಎಲ್ಲಾ ನಂಗೂ ಕಳ್ಸೋ."

ಕಳಿಸಿದ. ಸ್ನಾನ ಮುಗಿಸಿ ಇಡ್ಲಿಗೆ ಕೈ ಹಾಕುವಷ್ಟರಲ್ಲಿ ಊರಿನಿಂದ ಹೆಂಡತಿ ಫೋನು ಮಾಡಿದಳು.

"ನಿಮ್ಮ ಗೆಳೆಯರ ಸ್ಟೇಟಸ್ ನೋಡಿದೆ ಕಣ್ರೀ. ನೀವು ಓಡೋಕಾಗದೆ ಕೆರೆ ಹತ್ರ ಬಿದ್ಬಿಟ್ರಂತೆ? ಮನೆವರೆಗೂ ನಿಮ್ಮನ್ನ ಹೊತ್ಕೊಂಡು ಬಂದು ಅವರ ಮಂಡಿ ಹಿಡ್ಕೊಂಡಿದೆಯಂತೆ. ಪಾಪ, ಒಂಚೂರು ಎಣ್ಣೆ ಹಚ್ಚಿ ತಿಕ್ಕಿಕೊಡ್ರೀ!"